ಕಂಪ್ಯೂಟರ್ ಲೈನಿನ ವರ

“ನಮ್ಮ ಬಂಡು ಕೈ ಹಚ್ಚಿದರ ಸಾಕ್ರೀ, ಸತ್ತ ಕಂಪ್ಯೂಟರ್ ಎದ್ದು ಕೂಡ್ತದ,” ಎಂದು ಸಾವಿತ್ರೀಬಾಯಿ ಮಗನ ಗುಣಗಾನ ಮಾಡುತ್ತಿದ್ದರು. ಕಮಲಾಪುರದ ಪಾಂಡುರಂಗರಾಯರ ಪಡಸಾಲೆಯಲ್ಲಿ ಹೆಣ್ಣು ನೋಡುವ ಕಾರ್ಯಕ್ರಮ ನಡೆದಿತ್ತು. ಅವಲಕ್ಕಿ ತಟ್ಟೆ ಕೊಟ್ಟು ಒಳಗೆ ಹೋಗಬೇಕಾಗಿದ್ದ ಹುಡುಗಿ ರುಕ್ಮಿಣಿ ಅಲ್ಲೇ ನಿಂತು, “ಹಂಗಾದ್ರ ನಮ್ಮನಿಯಾಗಿಂದು ಸ್ವಲ್ಪ ನೋಡ್ಲಿ. ದೀಪಾವಳಿಯಿಂದ ಮಾನಿಟರ್ ಹತ್ತವಲ್ದು,” ಅಂದುಬಿಟ್ಟಳು.

ಬಂಡುವಿನ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು. ಕಲಬುರಗಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಅವನಿಗೆ ಕೆಲಸವಿದ್ದದ್ದು ಸುಳ್ಳಲ್ಲ. ಆದರೆ ಆ ಕೆಲಸವೆಂದರೆ, ಎ.ಸಿ. ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಲಿಯಲು ಬಂದವರ ಚಪ್ಪಲಿ ಬಿಡಿಸಿ ಒಳಗೆ ಕಳಿಸುವುದು. ಅವರ ಮನೆಯಿದ್ದ ಶಹಾಬಜಾರದ ಓಣಿ ದಾಟುವಷ್ಟರಲ್ಲಿ ಅದು ತಾಯಿಯ ಬಾಯಲ್ಲಿ ‘ಕಂಪ್ಯೂಟರ್ ಲೈನ್’ ಆಗಿತ್ತು; ಕಮಲಾಪುರ ಮುಟ್ಟುವಷ್ಟರಲ್ಲಿ ‘ಇಂಜಿನಿಯರ್’ ಆಗಿತ್ತು. ಮೂವತ್ತು ದಾಟಿದ ಗಂಡಿಗೆ ಸುಮ್ಮನೆ ಯಾರು ಹೆಣ್ಣು ಕೊಡುತ್ತಾರೆ? ಈ ಸಂಬಂಧವೂ ಕೈತಪ್ಪಿದರೆ ತನಗಿನ್ನು ಮದುವೆಯೇ ಇಲ್ಲ ಎಂಬ ಹೆದರಿಕೆ ಬಂಡುವಿಗೆ ಮೊದಲೇ ಇತ್ತು. ಮೇಲಾಗಿ ಹುಡುಗಿ ನೋಡಿದ ಕೂಡಲೇ ಮನಸ್ಸಿಗೆ ಬಂದಿದ್ದಳು, ಪಾಪ.

“ಏಳೋ, ನಿನಗೇನು ದೊಡ್ಡ ಕೆಲಸ ಅದು!” ತಾಯಿ ಬೆನ್ನಿಗೆ ತಿವಿದರು.

ಯಾವುದೋ ಆಫೀಸಿನ ಹರಾಜಿನಲ್ಲಿ ರಾಯರು ಹಿಡಿದು ತಂದಿದ್ದ ಕಂಪ್ಯೂಟರ್ ದೇವರ ಮನೆಯ ಪಕ್ಕದ ಕೋಣೆಯಲ್ಲಿತ್ತು. ಮಾನಿಟರಿಗೆ ಹಳೆಯ ಇಳಕಲ್ ಸೀರೆಯ ಮುಸುಕು. ಬಂಡು ತನಗೆ ಬರುವ ವಿದ್ಯೆಯಿಂದಲೇ ಶುರುಮಾಡಿದ. “ಎಲ್ಲಾರೂ ಚಪ್ಪಲ್ ಹೊರಗ ಬಿಡ್ರಿ,” ಎಂದು ಗಂಭೀರವಾಗಿ ಹೇಳಿದ. ಮನೆಯೊಳಗೆ ಯಾರ ಕಾಲಲ್ಲೂ ಚಪ್ಪಲಿ ಇರಲಿಲ್ಲ.

ಮುಸುಕು ತೆಗೆದು ಗುಂಡಿ ಒತ್ತಿದ. ಹತ್ತಲಿಲ್ಲ. ಗಟ್ಟಿಯಾಗಿ ಒತ್ತಿದ, ಮೆತ್ತಗೆ ಒತ್ತಿದ. ಹಿಂದೆ ಹೋಗಿ ಒಂದು ವೈರು ಕಿತ್ತು, ಉಫ್ ಎಂದು ಊದಿ, ಅದನ್ನೇ ಮತ್ತೆ ಸಿಕ್ಕಿಸಿದ. ಕೆಳಗಿದ್ದ ತಿರುಗುಣಿಗಳನ್ನು ಆ ಕಡೆ ಈ ಕಡೆ ತಿರುವಿದ. ಕೊನೆಗೆ ಎಲ್ಲರೂ ಟೀವಿಗೆ ಮಾಡುವಂತೆ ಅದರ ನೆತ್ತಿಗೆ ಎರಡೇಟು ಹಾಕಿದ. ಪರದೆ ಕರ್ರಗೆ ಹಾಗೇ ಕೂತಿತ್ತು. ಭಾವಿ ಅಳಿಯನ ಬೆವರು ನೋಡಲಾರದೆ ರಾಯರು ಹಳೆಯ ಪಂಚಾಂಗದಿಂದ ಗಾಳಿ ಹಾಕತೊಡಗಿದರು.

“ಏನಾಗ್ಯದ್ರೀ ಅದಕ್ಕ?” ಬಾಗಿಲಿಗೆ ಒರಗಿ ನಿಂತಿದ್ದ ರುಕ್ಮಿಣಿ ಕೇಳಿದಳು.

“ವೈರಸ್,” ಎಂದ ಬಂಡು. “ಮಾನಿಟರ್ ತುಂಬ ವೈರಸ್ ಹೊಕ್ಕದ.”

“ಅಯ್ಯ, ದೇವರ ಮನಿ ಬಾಜೂಕೇ ಇಟ್ಟೀವಲ್ರೀ!” ರಾಯರು ಗಾಬರಿಯಾದರು.

“ಅದೇ ತಪ್ಪಾಗ್ಯದ. ಊದಿನಕಡ್ಡಿ ಹೊಗಿ ಇದಕ್ಕ ಆಗಿಬರಂಗಿಲ್ಲ.” ರಾಯರು ತಲೆದೂಗಿದ್ದೇ ತಡ, ಬಂಡುವಿಗೆ ಎಲ್ಲಿಲ್ಲದ ಹುರುಪು ಬಂತು. “ಹೊಗಿ ಕುಡದು ಪಿಕ್ಚರ್ ಟ್ಯೂಬ್ ಬೀಗ್ಯದ. ಕರೆಂಟಂತೂ ಒಳಗ ಭರಪೂರ ಬರ್ಲಿಕ್ಕತ್ತದ, ನಾ ಕೈ ಹಚ್ಚಿ ನೋಡೀನಿ. ಟ್ಯೂಬೇ ತಗೋವಲ್ದು.”

“ನೋಡಿದ್ರ್ಯಾ? ಕೂತಲ್ಲೇ ರೋಗ ಕಂಡುಹಿಡದ!” ಸಾವಿತ್ರೀಬಾಯಿಯ ಮುಖ ಊರಗಲ ಆಯಿತು.

ರುಕ್ಮಿಣಿ ತಂದೆಯ ಕಡೆ ತಿರುಗಿದಳು. “ಅಪ್ಪಾ, ಕರೆಂಟ್ ಎಷ್ಟೊತ್ತಿಗೆ ಬರ್ತದಂತ?”

“ಸಂಜಿಗೆ ಅಂದಾರವ್ವ. ಮುಂಜಾನಿಂದ ಊರಾಗೇ ಇಲ್ಲಲಾ...” ಎಂದ ರಾಯರ ಕೈಯಲ್ಲಿ ಪಂಚಾಂಗ ತಟ್ಟನೆ ನಿಂತಿತು. ಬಂಡು ತಲೆಯೆತ್ತಿ ಫ್ಯಾನ್ ನೋಡಿದ. ಬಂದಾಗಿನಿಂದ ಅದು ತಿರುಗಿಯೇ ಇರಲಿಲ್ಲ. ರಾಯರಿಗೆ ಅವನಿಗಿಂತ ಹೆಚ್ಚು ನಾಚಿಕೆಯಾಯಿತು. “ತಪ್ಪು ನಂದೇರಿ. ಕಲತವರು ಕರೆಂಟ್ ಇಲ್ಲದನೂ ನೋಡ್ತಾರೇನೋ ಅಂತ ಸುಮ್ಮಿದ್ದೆ,” ಎಂದು ಕೈ ಹಿಸುಕಿಕೊಂಡರು.

ಸಾವಿತ್ರೀಬಾಯಿ ಅಷ್ಟಕ್ಕೆಲ್ಲ ಸೋಲುವ ಹೆಂಗಸಲ್ಲ. “ಅಂವ ದೊಡ್ಡ ದೊಡ್ಡ ಕಂಪ್ಯೂಟರ್ ನೋಡಾಂವರೀ. ಅಲ್ಲಿ ಕರೆಂಟ್ ಹೋಗೂದೇ ಇಲ್ಲ, ಅಂವಗ ಹೆಂಗ ಗೊತ್ತಾಗಬೇಕು?” ಎಂದು ಎಲ್ಲರನ್ನೂ ಪಡಸಾಲೆಗೆ ಎಬ್ಬಿಸಿಕೊಂಡು ಬಂದರು. ಮಗನನ್ನು ಮರೆಮಾಡಬೇಕಾದರೆ ಹುಡುಗಿಯನ್ನು ಮುಂದೆ ತರಬೇಕು. ಆ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. “ಆ ಡಬ್ಬಿ ಸುದ್ದಿ ಸಾಕು. ಬಾರವ್ವ, ಚಾಪಿ ಮ್ಯಾಲೆ ಕೂಡು. ಒಂದು ದೇವರ ಹಾಡು ಹೇಳು, ಕೇಳೋಣ.”

ರುಕ್ಮಿಣಿ ಕೂಡಲಿಲ್ಲ. ಚಾಪೆಯನ್ನು ಬಂಡುವಿನ ಮುಂದೆ ಸರಿಸಿದಳು.

“ನಾ ಆಮ್ಯಾಲೆ ಹಾಡ್ತೀನ್ರೀ. ಮೊದಲ ಅವರು ಹಾಡ್ಲಿ. ಕಂಪ್ಯೂಟರ್ ಅಂತೂ ಬರಂಗಿಲ್ಲ, ಹಾಡಾದ್ರೂ ಬರ್ತದೇನು ನೋಡೋಣ.”

ಮಗಳನ್ನು ಗದರಬೇಕಾಗಿದ್ದ ರಾಯರು ತಾವೂ ಕುರ್ಚಿ ಎಳೆದು ಕೇಳಲು ಕೂತರು. ಬಂಡು ತಾಯಿಯ ಮುಖ ನೋಡಿದ. ತಾಯಿ ಗೋಡೆ ನೋಡಿದರು. ಸಂಬಂಧ ಇನ್ನೂ ಪೂರ್ತಿ ಮುರಿದಿಲ್ಲ ಎಂಬ ಆಸೆ ಅವನದು. ಮೆಲ್ಲಗೆ ಚಾಪೆಯ ಮೇಲೆ ಕಾಲು ಮಡಚಿ ಕೂತು, ತಲೆ ತಗ್ಗಿಸಿ, ಗಂಟಲು ಸರಿಮಾಡಿಕೊಂಡ.