ಗೋಡೆಯ ಪಕ್ಕದ ಜಾಗ

ತನ್ನ ಪೆಟ್ಟಿಗೆ ಇರಬೇಕಾದಲ್ಲಿ ಓರಗಿತ್ತಿಯ ಪೆಟ್ಟಿಗೆ ಕೂತಿತ್ತು.

ಹಿರಿಸೊಸೆ ಹಿತ್ತಲ ಬಾಗಿಲಲ್ಲೇ ನಿಂತಳು. ಗೋಡೆಯ ಪಕ್ಕದ ಕಲ್ಲಿನ ಮೇಲೆ ಹಳದಿ ಜೇನುಪೆಟ್ಟಿಗೆ. ತನ್ನ ನೀಲಿಯದು ಆ ತುದಿಯ ಮರದಡಿ, ಓರಗಿತ್ತಿಯ ಜಾಗದಲ್ಲಿ. ಯಾವಾಗ ಬದಲಾಯಿತೋ ಏನೋ. ಗಂಡ ತೀರಿಹೋದ ಮೇಲೆ ಅವಳು ಹಿತ್ತಲಿಗೆ ಇಳಿದದ್ದೇ ಇವತ್ತು.

ಗೋಡೆಯ ಪಕ್ಕದ್ದು ಬೆಳಗಿನ ಬಿಸಿಲು ಮೊದಲು ಬೀಳುವ ಜಾಗ. ಗಂಡ ನೋಡಿ ನೋಡಿ ಆರಿಸಿದ್ದ. ಹುಳಗಳ ಸಹವಾಸವೆಲ್ಲ ಅವನದು. ಅವಳದೇನಿದ್ದರೂ ಜೇನು ಸೋಸಿ ಬಾಟಲಿಗೆ ತುಂಬುವುದು. ಆದರೆ ಪೆಟ್ಟಿಗೆ ಕೊಟ್ಟ ಜೇನು ಸಂಘದ ನಿಯಮ ಅವಳಿಗೂ ಗೊತ್ತಿತ್ತು: ಹುಳ ಕಡಿಮೆಯಾದ ಪೆಟ್ಟಿಗೆಯನ್ನು ಹಿಂದಕ್ಕೆ ಪಡೆದು, ಕಾದಿರುವ ಇನ್ನೊಂದು ಮನೆಗೆ ಕೊಡುತ್ತಾರೆ. ನಾಳೆಯೇ ತಪಾಸಣೆ. ಪೆಟ್ಟಿಗೆ ಹೋದರೆ ಅವಳ ಒಲೆಯೂ ಆರಿದಂತೆ.

ಓರಗಿತ್ತಿ ಬಟ್ಟೆ ಒಣಹಾಕುತ್ತಿದ್ದಳು.

“ಅಕ್ಕಾ, ನಾಳೆ ಆ ಮೇಲ್ವಿಚಾರಕ ಬಂದು ಹೋಗೋವರೆಗೂ ಪೆಟ್ಟಿಗೆ ಹತ್ರ ಹೋಗ್ಬೇಡ. ನಾನಿದೀನಲ್ಲ.”

“ನೀನಿದೀಯಲ್ಲ, ಅದೇ.”

“ಹೋದ್ಸಲ ಮೂಗಿಗೆ ಕಚ್ಚಿಸ್ಕೊಂಡು ಬದನೇಕಾಯಿ ಮಾಡ್ಕೊಂಡು ಹೋದ, ಪುಣ್ಯಾತ್ಮ!” ಓರಗಿತ್ತಿ ಒಬ್ಬಳೇ ನಕ್ಕಳು.

ಹಿರಿಯವಳಿಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಇವತ್ತು ಜಾಗ, ನಾಳೆ ಹಿತ್ತಲು ಎಂದುಕೊಂಡಳು, ಅಷ್ಟೆ.

ಮುಸ್ಸಂಜೆ ಹುಳಗಳು ಒಳಸೇರಿದವು. ಓರಗಿತ್ತಿ ಹಾಲು ತರಲು ಹೋಗಿದ್ದಳು. ಹಿರಿಯವಳು ಎರಡೂ ಪೆಟ್ಟಿಗೆಗಳ ಕಿಂಡಿಗೆ ಚಿಂದಿ ತುರುಕಿ, ಒಂದೊಂದನ್ನೇ ಎತ್ತಿ ಮೊದಲಿನ ಜಾಗಕ್ಕೆ ಇಟ್ಟಳು. ಆಮೇಲೆ ಚಿಂದಿ ಕಿತ್ತಳು. ನೀಲಿ ಪೆಟ್ಟಿಗೆ ಭಾರವಿತ್ತು. ಈಚೆಗೆ ಅವಳಿಗೆ ತುಂಬಿದ ಕೊಡವೂ ಬರಿಗೊಡವೂ ಒಂದೇ ಭಾರ.

ಮಾರನೆಯ ದಿನ ಮೇಲ್ವಿಚಾರಕ ಬಂದಾಗ ಬಿಸಿಲು ನೆತ್ತಿಗೇರಿತ್ತು. ನಸುಕಿನಲ್ಲೇ ಹೊಲಕ್ಕೆ ಹೋಗಿದ್ದ ಓರಗಿತ್ತಿ ಅವನ ಹಿಂದೆಯೇ ಓಡಿಬಂದಳು. ಅವನು ಮುಖಪರದೆ ಇಳಿಸಿಕೊಂಡು ಹಳದಿ ಪೆಟ್ಟಿಗೆ ತೆರೆದ. ಹುಳಗಳು ಒಂದರ ಮೇಲೊಂದು ಹರಿದಾಡುತ್ತಿದ್ದವು. ನೀಲಿಯದನ್ನು ತೆರೆದ. ಜೇನಿನ ಎರಿಗಳೆಲ್ಲ ಬರಿದು, ಮೂಲೆಯಲ್ಲಿ ಹಿಡಿಯಷ್ಟು ಹುಳ.

“ಆಗಲ್ಲಮ್ಮಾ. ನಿಯಮ ನಾನು ಮಾಡಿದ್ದಲ್ಲ. ಸಂಜೆ ಬಂದು ತಗೊಂಡು ಹೋಗ್ತೀನಿ.” ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಹೊರಟ.

ಹಿರಿಯವಳು ತಲೆಯಾಡಿಸಿದಳು, ಬೇರೆ ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ.

ಬಿಳಿಚಿಕೊಂಡದ್ದು ಓರಗಿತ್ತಿ. ಗೋಡೆಯತ್ತ ನೋಡಿದಳು, ಮರದತ್ತ ನೋಡಿದಳು.

“ಅಕ್ಕಾ, ಹೊರಗೆ ಹೋದ ಹುಳ ತಿರುಗಿ ಬರೋದು ಗೊತ್ತಿರೋ ಜಾಗಕ್ಕೆ, ಪೆಟ್ಟಿಗೆಗಲ್ಲ. ನಿನ್ನದ್ರಲ್ಲಿ ಹುಳ ಕಮ್ಮಿಯಾಗಿತ್ತು, ನನ್ನ ಹುಳಗಳು ನಿನ್ನ ಪೆಟ್ಟಿಗೆ ಸೇರ್ಲಿ ಅಂತಲೇ ಅದನ್ನ ನನ್ನ ಮರದಡಿ ಇಟ್ಟಿದ್ದೆ, ವಾಪಸ್ ತಂದಿಟ್ಟೋರು ಯಾರು?”