ನೀಲಪ್ಪನ ಮುಂಜಾನೆಯ ತಪಾಸಣೆ

ಇಂಥ ಹೇಸಿಗೆಯ ಸಂಗತಿ ಹೇಳಲು ನಾನು ತಕ್ಕವನೋ ಅಲ್ಲವೋ, ಓದುವವರು ಕ್ಷಮಿಸಬೇಕು. ಆದರೂ ಕಣ್ಣಾರೆ ಕಂಡದ್ದು, ಹೇಳಿಬಿಡುತ್ತೇನೆ.

ಜಿಲ್ಲೆಯಲ್ಲಿ ಹೆಂಡ ಮುಟ್ಟಿದರೆ ಜೈಲು ಎನ್ನುವ ದಾರೂಬಂದಿ ಇದ್ದ ಕಾಲ. ಹಳೇ ಹುಬ್ಬಳ್ಳಿಯ ಲಾರಿ ಅಡ್ಡೆಯಲ್ಲಿ ಆ ಮುಂಜಾನೆ ಡ್ರೈವರ್ ನೀಲಪ್ಪನ ಕಾಲುಗಳಷ್ಟೇ ಕಾಣುತ್ತಿದ್ದವು. ಉಳಿದ ಮೈ ಲಾರಿಯ ಕೆಳಗೆ. ಟಣ್, ಟಣ್. ನಟ್ಟು ಬಿಗಿಯುವ ಪಾನಾದಿಂದ ಬಡಿಯುವ ಸದ್ದು. ಆಮೇಲೆ ಮೌನ. ಮತ್ತೆ ಟಣ್.

ಉಡಚವ್ವ ತುಂಬಿದ ಬಸುರಿ ಮಗಳು ಗುಡ್ಡವ್ವನ ಕೈ ಹಿಡಿದು ಕಾಯುತ್ತಿದ್ದಳು. ಬಾಣಂತನಕ್ಕೆ ಧಾರವಾಡದ ತವರಿಗೆ ಒಯ್ಯಬೇಕು. ನಾಳೆ ಅಮಾವಾಸ್ಯೆ, ಇಂದೇ ಮುಟ್ಟಬೇಕು.

ಪಕ್ಕದ ಲಾರಿಯ ಮಕಬೂಲಸಾಬ ಹೊರಡಲು ಒಪ್ಪಿರಲಿಲ್ಲ. "ಬ್ರೇಕ್ ಛಲೋ ಹಿಡಿಯಾಕತ್ತಿಲ್ಲ ಯಕ್ಕಾ. ಬಿಗಿ ಮಾಡತೇನಿ, ತಡೀರಿ."

"ದಿನಾ ನೋಡಿದ್ರ ಹಿಂಗ ಆಗತಿತ್ತೇನ್ರಿ? ನೀಲಪ್ಪನ್ನ ನೋಡಿ ಕಲೀರಿ, ಸಾಬರ!" ಉಡಚವ್ವ ಮುಖ ಸಿಂಡರಿಸಿದಳು.

ನೀಲಪ್ಪ ಲವಂಗ ಜಗಿಯುತ್ತ ಹೊರಬಂದ. ಕಣ್ಣು ಕೆಂಪಗಿದ್ದವು.

"ಎಲ್ಲಾ ನೋಡಿದೇನಪಾ?"

"ಕೆಳಗ ಹೋಗಿ ಬರದಿದ್ರ ಸ್ಟೇರಿಂಗ್ ಮ್ಯಾಲೆ ನನ್ನ ಕೈ ನಡಗತಾವ ಯಕ್ಕಾ. ಒಂದ್ ಹನಿ ಸೋರಿಲ್ಲ."

ಲಾರಿಯ ಕೆಳಗೆ ಬೇರೆಯವರ ಕೈ ತಾಗಲು ಅವನು ಬಿಡುತ್ತಿರಲಿಲ್ಲ. ರಸ್ತೆ ಕಾಯುವ ನಾಕಾದ ಪೊಲೀಸರೂ ಸೀಟು ಎತ್ತಿ ನೋಡಿ, ಶಹಭಾಸ್ ಎಂದು ಕಳಿಸುತ್ತಿದ್ದರು.

ಗುಡ್ಡವ್ವನನ್ನು ಸೀಟಿಗೆ ಹತ್ತಿಸಿದರು. ನೀಲಪ್ಪ ಲಾರಿಯ ಮುಂದೆ ಊದಿನಕಡ್ಡಿ ಬೆಳಗುತ್ತಿದ್ದ. ಪಾನಾ ಕೆಳಗೇ ಉಳಿದಿತ್ತು. ತನ್ನ ಬ್ರೇಕಿಗೆ ಬೇಕೆಂದು ಮಕಬೂಲಸಾಬ ಅದನ್ನು ತರಲು ನುಸುಳಿದ.

"ಏ ಸಾಬಾ, ಹೊರಗ ಬಾರೋ!" ನೀಲಪ್ಪ ಚೀರಿದ.

ಮಕಬೂಲಸಾಬ ತಲೆ ಹೊರಹಾಕಿ ಥೂ ಎಂದು ಉಗುಳಿದ. "ಯಕ್ಕಾ, ಮಗಳನ್ನ ಇಳಸ್ರಿ."

"ಯಾಕ್ರಿ? ಹೊಟ್ಟಿಕಿಚ್ಚೇನು?"

ಅವನು ಮತ್ತೆ ಲಾರಿಯ ಕೆಳಗೆ ತಲೆ ಹಾಕಿದ. ಹಗ್ಗ ಬಿಚ್ಚಿ ಏನನ್ನೋ ಎಳೆದು ಅವಳ ಮುಂದೆ ಒಗೆದ. ಉಡಚವ್ವ ಬಗ್ಗಿದಳು. ಸೆರಗು ಮೂಗಿಗೆ ಒತ್ತಿಕೊಂಡಳು. ಮಗಳನ್ನು ಇಳಿಸಿಕೊಂಡು ಮಕಬೂಲಸಾಬನ ಲಾರಿಯ ನೆರಳಿಗೆ ಹೋಗಿ ಕೂತಳು. ಅವನ ಬ್ರೇಕು ಬಿಗಿಯಾಗುವ ತನಕ ಕಾಯಲು.

ಬಿದ್ದಿದ್ದು ಹಳೆಯ ಟಾಯರ್ ಟ್ಯೂಬು. ಅದರ ತುಂಬ ಕಳ್ಳಭಟ್ಟಿ ಸಾರಾಯಿ. ಅದರ ನಳಿಗೆಗೆ ನೀಲಪ್ಪನ ಎಂಜಲು, ಲವಂಗದ ಚೂರು. ಲಾರಿಯ ಕೆಳಗೆ ಪಾನಾ ಬಡಿದು ಹೊಳೆಯುತ್ತಿದ್ದುದು, ಮಲಗಿ ಹೀರುವವನ ಕೈಗೆ ಎಟಕುವ ಚಾಸಿಯ ಚೌಕಟ್ಟಿನ ಒಂದೇ ಜಾಗ; ಬ್ರೇಕಿನ ನಟ್ಟುಗಳ ಮೇಲೆ ವರ್ಷಗಳ ಮಣ್ಣು ಹಾಗೇ ಇತ್ತು. ಆ ಬ್ರೇಕು ಅಂದು ಹಿಡಿಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಯಾರೂ ಯಾವತ್ತೂ ನೋಡಿರಲಿಲ್ಲ.