ಮೂರನೇ ಸಾಲಿನ ನಡುಕ

ರೇಡಿಯೋ ಸ್ಟುಡಿಯೋದ ಕೆಂಪು ದೀಪ ಹತ್ತಿದ ಕೂಡಲೇ ಸಂಗೀತ ನಿರ್ದೇಶಕರು ಖಾಲಿ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ಪಕ್ಕದಲ್ಲಿ ಗಾಯಕಿ. ಎದುರಿಗೆ ನಿರೂಪಕ. ನೇರ ಪ್ರಸಾರ ಬೇರೆ.

"ಸರ್, ಎಲ್ಲರ ಮನೆಯಲ್ಲೂ ಮಕ್ಕಳನ್ನ ಮಲಗಿಸಿದ ಹಾಡು ಇದು. ಮೂರನೇ ಸಾಲಲ್ಲಿ ಮೇಡಂ ದನಿ ನಡುಗುತ್ತಲ್ಲ, 'ಮಲಗಿಹಳು ಈಗಷ್ಟೆ, ಎಬ್ಬಿಸದಿರಿ ಯಾರೂ' ಅನ್ನೋ ಕಡೆ, ಅದರ ಹಿಂದಿನ ಕಥೆ ಏನು? ಯಾವುದೋ ಪ್ರೇಮ ಅಂತಾರೆ ಜನ."

"ಮೊದಲು ಹಾಡು ಕೇಳೋಣ," ಎಂದು ಅವರು ಜಾರಿಕೊಂಡರು. ನಿರೂಪಕ ಹಾಡು ಹಾಕಿ, ಮೈಕು ಆಫ್ ಮಾಡಿ, ನೀರು ತರಲು ಹೋದ.

ಪ್ರೇಮವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಆಗೆಲ್ಲ ವಾದ್ಯದವರೂ ಹಾಡುವವರೂ ಒಟ್ಟಿಗೇ ಮುದ್ರಿಸಬೇಕಿತ್ತು. ಒಬ್ಬರು ಎದ್ದರೆ ಎಲ್ಲವೂ ನೀರುಪಾಲು. ಆಗಿನ್ನೂ ಹೊಸ ಹುಡುಗಿಯಾಗಿದ್ದ ಈ ಗಾಯಕಿ ಆ ದಿನ ಬೆಳಗಿನಿಂದ ಆ ಸಾಲಿಗೆ ಬಂದಾಗಲೆಲ್ಲ ತಡವರಿಸುತ್ತಿದ್ದಳು. ಕಣ್ಣು ಊದಿತ್ತು. ತಂದಿಟ್ಟ ಟೀ ಮುಟ್ಟಿರಲಿಲ್ಲ. ಬಂದವಳೇ, "ನಮ್ಮನೆಯಿಂದ ಫೋನ್ ಏನಾದ್ರೂ ಬಂತಾ ಸರ್?" ಎಂದು ಕೇಳಿದ್ದಳು. ಮೊದಲ ಸಿನಿಮಾದ ಭಯ ಎಂದುಕೊಂಡಿದ್ದರು. ಅವರಿಗೂ ಅದು ಮೊದಲ ಸಿನಿಮಾವೇ.

ಆಗ ಫೋನು ಬಂತು. ಅವಳ ತಮ್ಮ. "ಅಮ್ಮ ಏಳ್ತಾನೇ ಇಲ್ಲ. ಅಕ್ಕನ್ನ ಬೇಗ ಕಳಿಸಿ ಸಾರ್."

"ಆಯ್ತಪ್ಪ," ಎಂದು ಫೋನಿಟ್ಟು, ಗಾಜಿನಾಚೆಗೆ ಟೇಕ್ ಎಂದು ಕೈಸನ್ನೆ ಮಾಡಿದರು. ಆ ಟೇಕೇ ಈ ಹಾಡು.

ಮುಗಿದ ಮೇಲೆ, ಫೋನು ಈಗ ತಾನೇ ಬಂತು ಎಂದು ಸುಳ್ಳು ಹೇಳಿದರು. ಅವಳು ಅಳಲಿಲ್ಲ. "ಟೇಕ್ ಓಕೆ ಆಯ್ತಾ ಸರ್?" ಎಂದಷ್ಟೇ ಕೇಳಿ ಹೊರಟುಹೋದಳು. ಸಂಜೆ ಸಾವಿನ ಸುದ್ದಿ ಬಂತು. ಪ್ರಾಣ ಯಾವಾಗ ಹೋಯಿತೆಂದು ಕೇಳುವ ಧೈರ್ಯ ಅವರಿಗೆ ಎಂದೂ ಬರಲಿಲ್ಲ. ಆಗಲೇ ಕಳಿಸಿದ್ದರೆ ಜೀವ ಇರುವಾಗಲೇ ತಾಯಿಯ ಮುಖ ನೋಡುತ್ತಿದ್ದಳೇನೋ. ಈ ಹಾಡು ಅವರಿಗೆ ಮನೆ ಕೊಟ್ಟಿತು, ಹೆಸರು ಕೊಟ್ಟಿತು. ಆದರೆ ಹೋಟೆಲಿನಲ್ಲಿ ಅದು ಕೇಳಿಸಿದರೆ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದರು. ತಾನು ಪಾಪಿ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಇವತ್ತಾದರೂ ಅವಳ ಹತ್ತಿರ ಹೇಳಿಬಿಡಬೇಕು.

"ನೋಡಮ್ಮ, ಆವತ್ತು..." ಎಂದು ಬಾಯಿ ತೆರೆದರು.

"ಅವರು ನೀರು ತರೋದ್ರೊಳಗೆ ನಾನೇ ಒಂದು ಮಾತು ಹೇಳಿಬಿಡ್ತೀನಿ ಸರ್," ಎಂದಳು ಗಾಯಕಿ. "ನಿಮ್ಮಂಥ ಒಳ್ಳೆಯವರಿಗೆ ಮೋಸ ಮಾಡಿದೆ. ಗೊತ್ತಾಗಿದ್ರೆ ನೀವು ರೆಕಾರ್ಡಿಂಗ್ ನಿಲ್ಲಿಸಿ ನನ್ನನ್ನ ಮನೆಗೆ ಕಳಿಸಿಬಿಡ್ತಿದ್ರಿ. ಆಮೇಲೆ ನನ್ನನ್ನ ಯಾರು ಕರೀತಿದ್ರು?"

"ಏನು ಗೊತ್ತಾಗಿದ್ರೆ?"

"ನಾನು ಹೊರಡೋ ಹೊತ್ತಿಗೇ ಅಮ್ಮನ ಉಸಿರು ನಿಂತಿತ್ತು. ಹೊದಿಕೆ ಸರಿ ಮಾಡಿ, ಈಗಷ್ಟೇ ಮಲಗಿದ್ದಾಳೆ, ಎಬ್ಬಿಸಬೇಡ ಅಂತ ತಮ್ಮನಿಗೆ ಹೇಳಿ ಬಂದೆ."